ನೀರಿಗೆ ಉಪ್ಪು ಬರುವವರೆಗೆ

ಏರ್ ಕೂಲರ್ ಅನ್ನು ಲಾರಿಗೆ ಹೇರಿಸಿದ್ದು ನನ್ನ ಮೊದಲ ತಪ್ಪು. ಗುರುಗ್ರಾಮದ ಮೂರನೇ ಮಹಡಿಯಿಂದ ಅದನ್ನು ಹೆಗಲ ಮೇಲೆ ಇಳಿಸುತ್ತಿದ್ದ ಹಮಾಲಿ ನಡುಮೆಟ್ಟಿಲಲ್ಲಿ ನಿಂತು, ಇದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿದ. ಸಮುದ್ರದ ದಂಡೆಗೆ ಎಂದೆ. ಅವನು ಎರಡು ವರ್ಷ ಮುಂಬೈಯಲ್ಲಿ ದುಡಿದವನಂತೆ. "ಅಲ್ಲಿ ಇದು ತಂಪು ಕೊಡುವುದಿಲ್ಲ ಸಾಹೇಬರೇ, ಇಲ್ಲೇ ಯಾರಿಗಾದರೂ ಕೊಟ್ಟುಬಿಡಿ" ಎಂದ. ಒಂಬತ್ತು ಸಾವಿರ ಕೊಟ್ಟು ತಂದ ಕೂಲರ್, ಒಂದೇ ಬೇಸಿಗೆ ಕಂಡದ್ದು. ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀರು ಆವಿಯಾದರಷ್ಟೇ ಕೂಲರ್ ತಂಪು ಕೊಡುತ್ತದೆ, ಗಾಳಿಯೇ ಒದ್ದೆಯಾಗಿರುವ ಊರಿನಲ್ಲಿ ಅದು ಬರೀ ಗದ್ದಲ ಮಾಡುವ ಪೆಟ್ಟಿಗೆ ಎಂಬುದು ಆರನೇ ತರಗತಿಯ ವಿಜ್ಞಾನ. ಅದನ್ನು ಕಲಿಯಲು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಬಾಡಿಗೆ ಕೊಟ್ಟೆ.

ನನ್ನ ಊರು ಚಳ್ಳಕೆರೆ ಕಡೆ. ಶೇಂಗಾ ಹೊಲ, ಎಣ್ಣೆ ಗಿರಣಿ, ಮಳೆಗಾಗಿ ಬಾಯಿಬಿಟ್ಟ ಕೆರೆ. ನೀರೆಂದರೆ ನಮಗೆ ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆಯುವ ಟ್ಯಾಂಕರ್. ಅಲ್ಲಿಂದ ಹೊರಟವನು ಹದಿನಾಲ್ಕು ವರ್ಷ ಗುರುಗ್ರಾಮದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕುಳಿತು, ಯಾವ ಲಾರಿ ಯಾವ ಗೋದಾಮಿಗೆ ಎಷ್ಟು ಹೊತ್ತಿಗೆ ಸೇರಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ನವೆಂಬರ್ ಬಂತೆಂದರೆ ಕಿಟಕಿಯಾಚೆ ಹೊಗೆ, ಮಗಳ ಶಾಲಾ ಚೀಲದಲ್ಲಿ ಪುಸ್ತಕದ ಜೊತೆ ಇನ್‌ಹೇಲರ್. ಊರು ಬಿಡುವುದೇ ಎಂದು ನಾನೂ ಹೆಂಡತಿಯೂ ಮೂರು ಚಳಿಗಾಲ ಮಾತಾಡಿಕೊಂಡೆವು. ಬಿಟ್ಟು ಏನು ಮಾಡುವುದು ಎನ್ನುವಲ್ಲಿಗೆ ಮಾತು ನಿಲ್ಲುತ್ತಿತ್ತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾಸರಗೋಡು ಜಿಲ್ಲೆಯ ಪಡನ್ನದಲ್ಲಿ. ಸಹೋದ್ಯೋಗಿಯೊಬ್ಬನ ಮದುವೆಗೆ ಪಯ್ಯನ್ನೂರಿಗೆ ಹೋದವರು ಮರುದಿನ ಸುಮ್ಮನೆ ಹಿನ್ನೀರು ನೋಡಲು ಹೊರಟಿದ್ದೆವು. ನೀರಿನ ನಡುವೆ ಸಾಲುಸಾಲು ಗಳಗಳು, ಮುಳುಗಿಹೋದ ಮದುವೆ ಚಪ್ಪರದ ಹಾಗೆ. ಒಬ್ಬ ಹೆಂಗಸು ಅಡ್ಡಗಳಕ್ಕೆ ಕಟ್ಟಿದ್ದ ಹಗ್ಗವೊಂದನ್ನು ಎಳೆದು ತೋರಿಸಿದಳು. ತೋಳಿಗಿಂತ ದಪ್ಪಕ್ಕೆ ಪಚ್ಚಿಲೆ ಎಂಬ ಚಿಪ್ಪುಜೀವಿಯ ಗೊಂಚಲು, ಹಸಿರು ಅಂಚಿನ ಕಪ್ಪು ಚಿಪ್ಪುಗಳು, ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ 1990ರ ದಶಕದ ಕೊನೆಯಿಂದ ಈ ಕೃಷಿ ನಡೆದಿದೆ, ಹೆಚ್ಚಾಗಿ ಹೆಂಗಸರ ಸ್ವಸಹಾಯ ಗುಂಪುಗಳೇ ಮಾಡುತ್ತವೆ. ಮೇವು ಏನು ಹಾಕುತ್ತೀರಿ ಎಂದು ಕೇಳಿದೆ. ಏನೂ ಇಲ್ಲ ಎಂದಳು. ನೀರಿನಲ್ಲಿ ತೇಲಿ ಬರುವುದನ್ನೇ ಸೋಸಿಕೊಂಡು ತಿನ್ನುವ ಜೀವಿ ಅದು. ನವೆಂಬರಿನಲ್ಲಿ ಕಟ್ಟಿದರೆ ಏಪ್ರಿಲ್ ಮೇ ಹೊತ್ತಿಗೆ ಬೆರಳುದ್ದ ಆಗುತ್ತದೆ. ಮೇವಿನ ಖರ್ಚಿಲ್ಲ, ಆರು ತಿಂಗಳಿಗೆ ಫಸಲು! ಲೆಕ್ಕ ಹಾಕಿಯೇ ಹೊಟ್ಟೆ ಹೊರೆದವನಿಗೆ ಇದಕ್ಕಿಂತ ರುಚಿಯಾದ ಮಾತು ಬೇಕೇ? ವಾಪಸು ಬರುವ ರೈಲಿನಲ್ಲೇ ಮೊಬೈಲಿನಲ್ಲಿ ಕೋಷ್ಟಕ ಶುರುವಾಯಿತು.

ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೈಪಿಡಿಗಳನ್ನು ಓದಿದೆ. ಅದರ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರು ಮತ್ತು ಕಾರವಾರದಲ್ಲೂ ಕೇಂದ್ರಗಳಿವೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಚಪ್ಪರ. ಅದಕ್ಕೆ ನೂರು ಹಗ್ಗ. ಹಗ್ಗದ ಪ್ರತಿ ಮೀಟರಿಗೆ ಒಂದರಿಂದ ಒಂದೂವರೆ ಕಿಲೋ ಮರಿ ಪಚ್ಚಿಲೆ ಸುತ್ತಿದರೆ, ಎಲ್ಲ ಸರಿಹೋದರೆ, ಎಂಟು ಹತ್ತು ಕಿಲೋ ಬೆಳೆ. 'ಎಲ್ಲ ಸರಿಹೋದರೆ' ಎಂಬ ಎರಡು ಪದಗಳಿಗೆ ನನ್ನ ಕೋಷ್ಟಕದಲ್ಲಿ ಕಂಬಸಾಲು ಇರಲಿಲ್ಲ.

ಜಾಗವೆಂದು ಆರಿಸಿಕೊಂಡದ್ದು ಕುಂದಾಪುರದ ಹತ್ತಿರ, ಪಂಚಗಂಗಾವಳಿಯ ಹಿನ್ನೀರಿನ ಒಂದು ಸಣ್ಣ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಸೇರಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಕಾಣುವ ಜಾಗ. ಕುದ್ರು ಎನ್ನುವ ನಡುಹೊಳೆಯ ದ್ವೀಪಗಳು, ಕಾಂಡ್ಲಾ ಗಿಡಗಳು, ತೆಂಗಿನ ತೋಟದ ಕೆಳಗೆ ಕಟ್ಟಿಹಾಕಿದ ದೋಣಿಗಳು. ನೋಡಲು ಹೋದದ್ದು ಜನವರಿಯಲ್ಲಿ. ಜನವರಿಯಲ್ಲಿ ನೋಡಿದರೆ ಯಾರಾದರೂ ಮರುಳಾಗುತ್ತಾರೆ.

ವಾಸಕ್ಕೆ ಬಂದದ್ದು ಮಾತ್ರ ಜೂನ್ ಮೊದಲ ವಾರ. ಕಾರಣ ಮಗಳ ಶಾಲೆ. ಅಲ್ಲಿ ಏಪ್ರಿಲಿಗೆ ತರಗತಿ ಶುರು, ಇಲ್ಲಿ ಬೇಸಿಗೆ ರಜೆ ಮುಗಿದ ಮೇಲೆ. ವರ್ಗಾವಣೆ ಪತ್ರ ತಂದು, ಅದಕ್ಕೆ ಮೇಲುಸಹಿ ಬೇಕೆಂದು ಮತ್ತೆ ಅಂಚೆಯಲ್ಲಿ ಕಳಿಸಿ, ಕೊನೆಗೂ ಐದನೇ ತರಗತಿಗೆ ಸೇರಿಸಿದೆವು. ಶಾಲೆಯ ಪಂಚಾಂಗ ನೋಡಿದ ನಾನು ಕಡಲಿನ ಪಂಚಾಂಗ ನೋಡಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೊಡ್ಡ ದೋಣಿಗಳೆಲ್ಲ ಗಂಗೊಳ್ಳಿ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಕೊಂಕಣ ರೈಲು ಕೂಡ ಮಳೆಗಾಲದ ವೇಳಾಪಟ್ಟಿಗೆ ಇಳಿದು ನಿಧಾನವಾಗಿ ಓಡುತ್ತದೆ. ಊರಿಗೆ ಊರೇ ಕೆಲಸ ಬಿಟ್ಟು ಕುಳಿತ ಹೊತ್ತಿಗೆ ಉದ್ಯಮ ಶುರುಮಾಡುತ್ತೇನೆಂದು ಇಳಿದವನು ನಾನೊಬ್ಬನೇ ಇರಬೇಕು.

ಸಾಮಾನಿನ ಲಾರಿ ನಾವು ಬಂದ ಒಂಬತ್ತನೇ ದಿನಕ್ಕೆ ಬಂತು. ತಾಡಪಾಲಿನ ಒಂದು ಮೂಲೆ ಹರಿದಿತ್ತು, ಹಾಸಿಗೆ ನೆನೆದಿತ್ತು. ಜುಲೈ ಮುಗಿಯುವುದರೊಳಗೆ ಪ್ಲೈವುಡ್ ಬೀರುವಿನ ಬಾಗಿಲು ಊದಿಕೊಂಡು ಮುಚ್ಚದಾಯಿತು. ಕಚೇರಿಗೆ ಹಾಕುತ್ತಿದ್ದ ಚರ್ಮದ ಬೂಟನ್ನು ಒಂದು ದಿನ ಹೊರಗೆಳೆದರೆ ಅದರ ಮೇಲೆ ಬಿಳಿಯ ಬೂಷ್ಟು ಮೃದುವಾದ ತುಪ್ಪಳದಂತೆ ಹಬ್ಬಿತ್ತು. ಮಗಳು ಅದನ್ನು ಬೆಕ್ಕಿನಂತೆ ಸವರಿ ನೋಡಿದಳು. ಹೆಂಚಿನ ಮನೆಯ ಯಜಮಾನರು, ಬೂಟಿಗೆ ಇಲ್ಲೇನು ಕೆಲಸ ಎಂದು ನಕ್ಕರು. ಕೂಲರ್ ನೋಡಿ ಅವರು ಏನೂ ಹೇಳಲಿಲ್ಲ, ಅದೇ ಹೆಚ್ಚು ನೋವಾಯಿತು. ಅದನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿ ಮೇಲೊಂದು ಗೋಣಿಚೀಲ ಹೊದಿಸಿದೆ.

ಕಾಗದ ಪತ್ರಗಳ ಕಥೆಯನ್ನು ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅದನ್ನು ನೆನೆದರೆ ಇಂದಿಗೂ ತಲೆ ಬಿಸಿಯಾಗುತ್ತದೆ. ಹರಿಯಾಣದ ನಂಬರಿನ ಕಾರು ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿರಬೇಕಾದರೆ ಮರುನೋಂದಣಿ ಆಗಬೇಕು. ಅದಕ್ಕೆ ಅಲ್ಲಿಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ಉಳಿದ ಅವಧಿಯ ಜೀವಾವಧಿ ತೆರಿಗೆ. ಅಲ್ಲಿ ಮೊದಲೇ ಕಟ್ಟಿದ್ದ ತೆರಿಗೆಯ ಪಾಲು ವಾಪಸು ಬರಬೇಕು. ಅರ್ಜಿ ಹಾಕಿ ಎರಡು ವರ್ಷ ದಾಟಿತು, ಆ ಹಣದ ಆಸೆ ಬಿಟ್ಟಿದ್ದೇನೆ. ಹೊರಡುವ ಮೊದಲೇ ಆ ಪತ್ರ ಕೈಗೆ ತೆಗೆದುಕೊಂಡಿದ್ದರೆ ಒಂದು ವಿಮಾನದ ಟಿಕೆಟ್ ಉಳಿಯುತ್ತಿತ್ತು. ದೂರದ ರಾಜ್ಯಕ್ಕೆ ಹೊರಟವರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವ ಮಾತು ಇದೇ. ಸೋಫಾ ಆಮೇಲೆ ನೋಡಿಕೊಳ್ಳಿ. ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿಗೆ ಕಾಸು ಬೇಕಿಲ್ಲ, ಆಧಾರ್ ಇದ್ದರೆ ಕುಳಿತಲ್ಲೇ ಆಗುತ್ತದೆ. ಅದಕ್ಕೂ ಒಬ್ಬ ಮಧ್ಯವರ್ತಿ ನನ್ನಿಂದ ಒಂದೂವರೆ ಸಾವಿರ ಕಿತ್ತ.

ನಿಜವಾದ ತೊಡಕು ಬೇರೆಯೇ ಇತ್ತು. ನೆಲವಾದರೆ ಅದಕ್ಕೊಂದು ಪಹಣಿ ಇರುತ್ತದೆ, ಸರ್ವೆ ನಂಬರ್ ಇರುತ್ತದೆ. ಹೊಳೆಯ ನೀರಿಗೆ ಏನಿದೆ? ನಾನು ಚಪ್ಪರ ಹಾಕಬೇಕೆಂದಿದ್ದ ಜಾಗ ಯಾರದೂ ಅಲ್ಲ, ಆದ್ದರಿಂದ ಎಲ್ಲರದೂ. ಮೀನುಗಾರಿಕೆ ಇಲಾಖೆಗೆ ಅರ್ಜಿ, ಪಂಚಾಯತಿಗೆ ಅರ್ಜಿ, ಅದೆಲ್ಲ ಸರಿ. ಆದರೆ ಅಲ್ಲಿ ಒಬ್ಬರು ತಲೆತಲಾಂತರದಿಂದ ಬಲೆ ಬೀಸುತ್ತಾರೆ, ಇನ್ನೊಬ್ಬರ ದೋಣಿ ಇಳಿತದ ಹೊತ್ತಿನಲ್ಲಿ ಅದೇ ಸೀಳಿನಲ್ಲಿ ಹೋಗುತ್ತದೆ, ಮತ್ತೊಬ್ಬರು ಅಲ್ಲೇ ಮುಳುಗಿ ಚಿಪ್ಪು ತೆಗೆಯುತ್ತಾರೆ. ಇದ್ಯಾವುದೂ ಯಾವ ನಕ್ಷೆಯಲ್ಲೂ ಇಲ್ಲ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 40, ಮಹಿಳೆಯರಿಗೆ ಶೇ 60ರಷ್ಟು ಸಹಾಯಧನ ಇರುವುದರಿಂದ ಅರ್ಜಿಯನ್ನು ಹೆಂಡತಿಯ ಹೆಸರಿನಲ್ಲಿ ಹಾಕಿದೆವು. ಆ ಹಣವೋ, ಮೊದಲು ನಾವು ಖರ್ಚು ಮಾಡಿ ತೋರಿಸಿದ ಮೇಲೆ ಬರುವಂಥದ್ದು. ಮೊದಲ ವರ್ಷ ಅದನ್ನು ನಂಬಿ ಏನನ್ನೂ ಕಟ್ಟಲಿಲ್ಲ, ಅಷ್ಟರಮಟ್ಟಿಗೆ ಬುದ್ಧಿ ನೆಟ್ಟಗಿತ್ತು.

ನೀರಿನ ಹಕ್ಕಿನ ವಿಷಯ ಕೊನೆಗೆ ಬಗೆಹರಿದದ್ದು ಒಂದು ಕಟ್ಟೆಯ ಮೇಲೆ. ಯಜಮಾನರು ಪಕ್ಕದ ಕೇರಿಯ ಹಿರಿಯ ಮೀನುಗಾರರೊಬ್ಬರ ಬಳಿ ಕರೆದೊಯ್ದರು. ಊರಿಗೆಲ್ಲ ಅವರು ಅಣ್ಣಯ್ಯ, ನಾನೂ ಹಾಗೆಯೇ ಕರೆಯುತ್ತೇನೆ. ಎದುರು ಕುಳಿತು ನನ್ನ ನಕ್ಷೆ ಬಿಡಿಸಿದೆ. ಅವರು ಅದರ ಕಡೆ ಕಣ್ಣು ಹಾಯಿಸಲೂ ಇಲ್ಲ.

"ಘಟ್ಟದ ಮೇಲಿನವರಾ?"

"ಹೌದು, ಚಳ್ಳಕೆರೆ. ಈಗ ದೆಹಲಿ ಕಡೆಯಿಂದ ಬಂದೆವು."

"ಈಜು ಬರುತ್ತದಾ?"

"ಇಲ್ಲ."

ಸ್ವಲ್ಪ ಹೊತ್ತು ಮಳೆ ನೋಡಿದರು. "ಹಾಗಾದರೆ ಚಪ್ಪರ ನೀವು ಹೇಳಿದ ಕಡೆ ಬೇಡ ಮಾರಾಯರೇ. ಕುದ್ರುವಿನ ಈಚೆ ಹಾಕುವ. ಅಲ್ಲಿ ಯಾರ ಬಲೆಯೂ ಇಲ್ಲ, ಬಿದ್ದರೆ ಎತ್ತುವುದೂ ಸುಲಭ."

ಅವರು ತೋರಿಸಿದ ಜಾಗದಲ್ಲಿ ದೊಡ್ಡ ಇಳಿತದಲ್ಲೂ ಎರಡು ಮೀಟರ್ ನೀರು ನಿಲ್ಲುತ್ತಿತ್ತು. ಸೆಳೆತ ಹದವಾಗಿತ್ತು. ಹೊಸಂಗಡಿಯ ವಿದ್ಯುದಾಗಾರದಿಂದ ಬಿಡುವ ಸಿಹಿನೀರನ್ನು ಹೊತ್ತು ಬರುವ ವಾರಾಹಿಯ ಬಾಯಿಂದ ದೂರವಿತ್ತು. ಕೈಪಿಡಿಯಲ್ಲಿ ಹೇಳಿದ ಎಲ್ಲ ಲಕ್ಷಣಗಳೂ ಇದ್ದವು. ನಾನು ಗುರುತು ಮಾಡಿದ್ದ ಜಾಗ ಆಗಸ್ಟಿನ ನೆರೆಗೆ ಹೇಗಿತ್ತೆಂದರೆ, ಅಲ್ಲಿ ಗಳ ನೆಟ್ಟಿದ್ದರೆ ಅರಬ್ಬಿ ಸಮುದ್ರದ ಆಚೆ ದಡದಲ್ಲಿ ಹುಡುಕಬೇಕಾಗುತ್ತಿತ್ತು.

ಮಳೆಗಾಲದ ಮೂರು ತಿಂಗಳು ನಾನು ಕಲಿತದ್ದು ಎರಡೇ. ಒಂದು, ಸೊಂಟದುದ್ದ ನೀರಿನಲ್ಲಿ ಮುಖ ಮುಳುಗಿಸಿ ಹೆದರದೆ ಇರುವುದು. ಇನ್ನೊಂದು, ಗಡಿಯಾರ ಬಿಡುವುದು. ಉಬ್ಬರ ಇಳಿತ ದಿನಕ್ಕೆರಡು ಸಲ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಇಳಿತವಾದರೆ ನಾಳೆ ಆರು ಐವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆಗೆ ದೊಡ್ಡ ಇಳಿತ, ಅಷ್ಟಮಿ ಆಸುಪಾಸಿನಲ್ಲಿ ನೀರು ಅಲ್ಲಲ್ಲೇ ಹೊಯ್ದಾಡುತ್ತದೆ. ಸೋಮವಾರದಿಂದ ಶುಕ್ರವಾರ ಎಂದು ಬದುಕಿದವನಿಗೆ ವಾರದ ಹೆಸರುಗಳೇ ಮರೆಯತೊಡಗಿದವು. ಅಣ್ಣಯ್ಯನಿಗೆ ಫೋನ್ ಮಾಡಿ "ಗುರುವಾರ ಹತ್ತಕ್ಕೆ ಬರಲೇ?" ಎಂದರೆ, "ಗುರುವಾರ ಎಂದರೆ ಏಕಾದಶಿಯಾ? ಹತ್ತಕ್ಕೆ ದೋಣಿ ಕೆಸರಲ್ಲಿ ಕುಳಿತಿರುತ್ತದೆ" ಎನ್ನುತ್ತಿದ್ದರು. ನೂಲ ಹುಣ್ಣಿಮೆಯ ದಿನ ಮೀನುಗಾರರು ಸಮುದ್ರಕ್ಕೆ ಹಾಲು, ಕಾಯಿ ಕೊಟ್ಟು ಪೂಜೆ ಮಾಡಿದಾಗ ನಾನೂ ಹೋಗಿ ನಿಂತೆ. ಅಂದು ಮೊದಲ ಸಲ ಒಬ್ಬರು ಹೆಸರು ಕೇಳಿದರು. ಅಲ್ಲಿಯವರೆಗೆ ನಾನು 'ಆ ಡೆಲ್ಲಿಯವರು'.

ಸೆಪ್ಟೆಂಬರಿನಲ್ಲಿ ಗಾಳಿಮರದ ಗಳ ಬಂತು, ನೈಲಾನ್ ಹಗ್ಗ ಬಂತು, ಹತ್ತಿಯ ಹಳೆಯ ಸೊಳ್ಳೆಪರದೆ ಬಟ್ಟೆ ಸಿಕ್ಕಿತು. ಉಪ್ಪಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ತರಿಸಿದೆ. ಗೇಣುದ್ದದ ಕೊಳವೆ. ಒಂದು ತುದಿಯ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಎಷ್ಟರ ಮೇಲಿದೆಯೋ ಅಷ್ಟು ಉಪ್ಪು. ಕಡಲಿನಲ್ಲಿ 35ರ ಆಸುಪಾಸು. ಪಚ್ಚಿಲೆಗೆ 27ರಿಂದ ಮೇಲಿದ್ದರೆ ಚೆನ್ನ. ಮಳೆಗಾಲದಲ್ಲಿ ನಮ್ಮ ಹೊಳೆಯಲ್ಲಿ ಗೆರೆ ಸೊನ್ನೆಯ ಹತ್ತಿರ ಮಲಗಿರುತ್ತಿತ್ತು. ಅಕ್ಟೋಬರ್ ಮೂರನೇ ವಾರ 22 ತೋರಿಸಿತು, ಹತ್ತು ದಿನ ಬಿಟ್ಟು 25.

ಅಣ್ಣಯ್ಯ ದೋಣಿಯಂಚಿನಿಂದ ಬಾಗಿ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡರು, ಉಗುಳಿದರು. "ಇನ್ನೂ ಸಪ್ಪೆ. ದೀಪಾವಳಿ ಕಳೆದು ಒಂದು ಅಮಾವಾಸ್ಯೆ ಹೋಗಲಿ."

ನನ್ನ ಕೈಯಲ್ಲಿ ಯಂತ್ರವಿತ್ತು. 25 ಏನು, 27 ಏನು! ದಿನಕ್ಕಿಷ್ಟು ಏರುತ್ತಿದೆ, ವಾರದಲ್ಲಿ ಮುಟ್ಟುತ್ತದೆ ಎಂದು ಗೆರೆ ಎಳೆದು ತೋರಿಸಿದೆ. ನಿಜ ಹೇಳಬೇಕೆಂದರೆ ಸಂಬಳ ನಿಂತು ಐದು ತಿಂಗಳಾಗಿತ್ತು. ಮನೆಯನ್ನು ಹೆಂಡತಿ ಊರೂರಿನ ಅಂಗಡಿಗಳ ಲೆಕ್ಕಪತ್ರವನ್ನು ಕಂಪ್ಯೂಟರಿನಲ್ಲಿ ಬರೆದುಕೊಟ್ಟು ನಡೆಸುತ್ತಿದ್ದಳು. ಸುಮ್ಮನೆ ಕುಳಿತಿರುವುದು ನನ್ನಿಂದ ಆಗುತ್ತಿರಲಿಲ್ಲ.

ಮರಿಗಳನ್ನು ಬೈಂದೂರು, ಭಟ್ಕಳ ಕಡೆಯ ಕಡಲಬಂಡೆಗಳಿಂದ ತರಬೇಕು. ನಾವೇ ಉಳಿ ಹಿಡಿದು ಹೋಗಬಹುದಿತ್ತು. ಅಣ್ಣಯ್ಯ ಬೇಡವೆಂದರು. ಆ ಬಂಡೆಗಳ ಪಚ್ಚಿಲೆಯನ್ನೇ ನೆಚ್ಚಿಕೊಂಡ ಮನೆಗಳಿವೆ, ಅವರಿಂದಲೇ ಕೊಳ್ಳುವುದು ಮರ್ಯಾದೆ ಎಂದರು. ದೊಡ್ಡ ಇಳಿತದ ಬೆಳಿಗ್ಗೆ ಅವರು ಕೆರೆದು ತಂದ ಒಂದೂವರೆ ಕ್ವಿಂಟಾಲ್ ಮರಿಯನ್ನು ಕಿಲೋಗೆ 40 ರೂಪಾಯಿಯಂತೆ ಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ, ಬಿಸಿಲೇರುವ ಮೊದಲು ಊರಿಗೆ ತಂದೆವು. ಕೊಟ್ಟಿಗೆಯಲ್ಲಿ ಚಾಪೆ ಹಾಸಿ ಆರು ಮಂದಿ ಕುಳಿತೆವು. ಗೇಣಗಲದ ಹತ್ತಿಬಟ್ಟೆ ಉದ್ದಕ್ಕೆ ಹಾಸಿ, ಅದರ ಮೇಲೆ ಉಗುರಿನಷ್ಟು ದೊಡ್ಡ ಮರಿಗಳನ್ನು ಸಮನಾಗಿ ಹರಡಿ, ನಡುವೆ ಹಗ್ಗವಿಟ್ಟು, ಬಟ್ಟೆಯ ಎರಡೂ ಅಂಚು ಸೇರಿಸಿ ಹೊಲಿಯುವುದು. ಮುಗಿದ ಮೇಲೆ ನೋಡಿದರೆ ಗೋಣಿಸೂಜಿ ಚುಚ್ಚಿದ ಉದ್ದನೆಯ ದಿಂಬು. ನೀರಿಗೆ ಬಿಟ್ಟ ಎರಡು ಮೂರು ದಿನದಲ್ಲಿ ಮರಿಗಳು ಎಳೆ ಬಿಟ್ಟು ಹಗ್ಗಕ್ಕೆ ಅಂಟಿಕೊಳ್ಳುತ್ತವೆ, ಬಟ್ಟೆ ಕೊಳೆತು ಕಳಚುತ್ತದೆ. ನನ್ನ ಹೊಲಿಗೆ ಎಷ್ಟು ಬಿಗಿಯಿತ್ತೆಂದರೆ ನೆರೆಮನೆಯ ಅಕ್ಕ ಬಿಚ್ಚಿಸಿ ಮತ್ತೆ ಹೊಲಿಸಿದರು. "ಅದಕ್ಕೂ ಬಾಯಿ ಬಿಡಬೇಕಲ್ಲ?" ಎಂದರು.

120 ಹಗ್ಗ ಕಟ್ಟಿದೆವು. ನಾಲ್ಕನೇ ದಿನ ಒಂದನ್ನು ಎತ್ತಿ ನೋಡಿದೆ. ಹಿಡಿದಿದ್ದವು! ಬೆರಳಿನಿಂದ ಎಳೆದರೂ ಬಿಡುತ್ತಿರಲಿಲ್ಲ. ಆ ರಾತ್ರಿ ಗುರುಗ್ರಾಮದ ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋಟೋ ಕಳಿಸಿದೆ.

ಎಂಟನೇ ದಿನ ಘಟ್ಟದ ಮೇಲೆ ಮಳೆ ಹಿಡಿಯಿತು. ನಮ್ಮಲ್ಲಿ ಬಿದ್ದದ್ದು ಕಡಿಮೆಯೇ, ಒಂದು ಸಂಜೆ ಗುಡುಗು, ಮರುದಿನ ಜಿಟಿಜಿಟಿ. ಮೇಲೆ ಮೂರು ದಿನ ಸುರಿಯಿತಂತೆ. ಹೊಳೆ ಚಹಾದ ಬಣ್ಣಕ್ಕೆ ತಿರುಗಿತು. ಕೊಳವೆ ಎತ್ತಿ ನೋಡಿದರೆ ಗೆರೆ 9ರ ಮೇಲೆ. ಉಪ್ಪು ಇಳಿದರೆ ಪಚ್ಚಿಲೆ ಚಿಪ್ಪು ಮುಚ್ಚಿಕೊಂಡು ತಡೆಯುತ್ತದೆ, ಕೆಲವು ದಿನ ಬದುಕುತ್ತದೆ ಎಂದು ಓದಿದ್ದೆ. ಕೆಲವು ಎಂದರೆ ಎಷ್ಟು ಎಂದು ಯಾರಿಗೆ ಗೊತ್ತು? ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಆರನೇ ದಿನ ಹಗ್ಗ ಎತ್ತುವಾಗಲೇ ಹಗುರವೆನಿಸಿತು. ಚಿಪ್ಪುಗಳು ಕಿರಿದಾಗಿ ಬಾಯಿ ತೆರೆದುಕೊಂಡಿದ್ದವು. ಬೆರಳು ತಾಗಿಸಿದರೆ ಮುಚ್ಚಬೇಕು, ಮುಚ್ಚಲಿಲ್ಲ. ಹಗ್ಗ ಅಲುಗಿಸಿದರೆ ಬಳೆ ಒಡೆದ ಸದ್ದು. ವಾಸನೆ ಹಿಡಿದು ಏಡಿಗಳು ಬಂದಿದ್ದವು. 120ರಲ್ಲಿ ಉಳಿದದ್ದು 18 ಹಗ್ಗ.

ಅಣ್ಣಯ್ಯ "ನಾನು ಹೇಳಿರಲಿಲ್ಲವೇ" ಎನ್ನುತ್ತಾರೆಂದು ಕಾದೆ. ಅವರು ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿ ದೋಣಿಗೆ ಎಸೆಯುತ್ತಿದ್ದರು. "ಹಗ್ಗ ಹಾಳಾಗಿಲ್ಲ, ತೊಳೆದು ಒಣಗಿಸಿ" ಎಂದರು. ಮನೆಗೆ ಬಂದು ಅಂಗಳದಲ್ಲಿ ಸತ್ತ ಚಿಪ್ಪು ಕೆರೆಯುತ್ತ ಕುಳಿತಿದ್ದಾಗ ಹೆಂಡತಿ ಪಕ್ಕದಲ್ಲಿ ಬಂದು ಕುಳಿತು ತಾನೂ ಒಂದು ಚಾಕು ತೆಗೆದುಕೊಂಡಳು. ಮಾತಿಲ್ಲ. ಅಂದು ರಾತ್ರಿ ನಾನು ಉದ್ಯೋಗದ ಜಾಲತಾಣದಲ್ಲಿ ನನ್ನ ಹಳೆಯ ವಿವರ ತೆರೆದು, ಊರು ಎಂಬಲ್ಲಿ ಮತ್ತೆ ಗುರುಗ್ರಾಮ ಎಂದು ತುಂಬಿ, ಅರ್ಧಗಂಟೆ ನೋಡುತ್ತ ಕುಳಿತು ಮುಚ್ಚಿದೆ.

ಡಿಸೆಂಬರ್ ಮೊದಲ ವಾರ ನೀರು 29. ಅಣ್ಣಯ್ಯ ಬೆರಳು ನೆಕ್ಕಿ ತಲೆ ಆಡಿಸಿದರು. ಕೈಯಲ್ಲಿ ಉಳಿದ ಹಣಕ್ಕೆ 90 ಹಗ್ಗದ ಮರಿ ಬಂತು. ಈ ಸಲ ಹಗ್ಗದಲ್ಲಿ ಅಲ್ಲಲ್ಲಿ ಬಿದಿರಿನ ಗಿಡ್ಡ ಕಡ್ಡಿ ಸಿಕ್ಕಿಸಿದೆವು, ತೂಕ ಹೆಚ್ಚಾದಾಗ ಗೊಂಚಲು ಜಾರಿ ಬೀಳದಿರಲೆಂದು. ಫೆಬ್ರುವರಿಯಲ್ಲಿ ಒತ್ತಾಗಿ ಬೆಳೆದದ್ದನ್ನು ಬಿಡಿಸಿ ತೆಳುಮಾಡಿದೆವು. ತೊರಕೆ ಮೀನುಗಳು ಕೆಳತುದಿಯನ್ನು ತಿಂದುಹೋದವು, ಅದಕ್ಕೆ ಸುತ್ತ ಬಲೆ ಕಟ್ಟಿದೆವು. ಹೇಳಿಕೊಳ್ಳುವಂಥದ್ದೇನೂ ಆ ತಿಂಗಳುಗಳಲ್ಲಿ ನಡೆಯಲಿಲ್ಲ. ಹಗ್ಗ ದಪ್ಪವಾಗುತ್ತಿತ್ತು, ಅಷ್ಟೇ. ನಾನು ಅಷ್ಟು ಹಾಯಾಗಿ ಮಲಗಿದ ದಿನಗಳು ಬೇರೆ ಇಲ್ಲ.

ಏಪ್ರಿಲಿಗೆ ಬಾವಿಯ ನೀರು ಉಪ್ಪಾಯಿತು. ಹೊಳೆಗೆ ಉಪ್ಪು ಬರಲೆಂದು ಕಾದವನ ಬಾವಿಗೂ ಬಂತು! ಹೊಳೆದಂಡೆಯ ಬಾವಿಗಳ ಪಾಡು ಪ್ರತಿ ಬೇಸಿಗೆಯಲ್ಲೂ ಇದೇ, ಜನವರಿಯಲ್ಲಿ ಮನೆ ನೋಡಿದವನಿಗೆ ಅದು ಹೊಳೆದಿರಲಿಲ್ಲ. ಚಹಾ ಒಡೆಯಿತು, ಅನ್ನಕ್ಕೆ ಉಪ್ಪು ಹಾಕುವುದನ್ನು ಬಿಟ್ಟೆವು. ಒಂದು ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿಸಿತು, ಪಂಚಾಯತಿಯ ಟ್ಯಾಂಕರ್. ಎರಡೂ ಕೈಯಲ್ಲಿ ಕೊಡ ಹಿಡಿದು ಓಡುವಾಗ ನನಗೆ ನಗು ತಡೆಯಲಾಗಲಿಲ್ಲ. ಮೂರು ಕಡೆ ನೀರಿರುವ ಊರಿನಲ್ಲಿ, ಚಳ್ಳಕೆರೆಯ ಹುಡುಗ ಮತ್ತೆ ಟ್ಯಾಂಕರ್ ಸಾಲಿನಲ್ಲಿ.

ಮಾರಾಟ ಇನ್ನೊಂದು ಪಾಠ. ಪಚ್ಚಿಲೆಯನ್ನು ಕಲ್ಲುಮ್ಮಕ್ಕಾಯಿ ಎನ್ನುವ ಕೇರಳದವರಿಗೆ ಅದೆಂದರೆ ಪ್ರಾಣ, ಗೋವಾದ ಹೋಟೆಲುಗಳಿಗೂ ಬೇಕು, ಆದರೆ ಅವರು ಕೇಳುವುದು ಲಾರಿಗಟ್ಟಲೆ. ನನ್ನ ಹತ್ತಿರ ಇದ್ದದ್ದು ದೋಣಿಗಟ್ಟಲೆ. ಊರಿನ ಮೀನು ಮಾರುಕಟ್ಟೆಯಲ್ಲಿ ಹೆಂಗಸರು ಬುಟ್ಟಿಯೊಂದನ್ನು ನೋಡಿ, ಬಂಡೆಯ ಪಚ್ಚಿಲೆಗಿಂತ ಚಿಪ್ಪು ತೆಳು, ಮಾಂಸ ಹೆಚ್ಚು ಎಂದು ಮೆಚ್ಚಿದರು, ಬೆಲೆ ಮಾತ್ರ ಬಂಡೆಯದ್ದಕ್ಕಿಂತ ಕಡಿಮೆ ಹೇಳಿದರು. ಹೆದ್ದಾರಿ ಬದಿಯ ಒಂದು ಹೋಟೆಲಿನವರು ಕಿಲೋಗೆ 120 ಕೊಡುತ್ತೇವೆ, ಒಳಗೆ ಹೊಯ್ಗೆ, ಅಂದರೆ ಮರಳು, ಇರಬಾರದು ಎಂದರು. ಒಂದು ಹಗಲು ಒಂದು ರಾತ್ರಿ ಶುದ್ಧವಾದ ಕಡಲ ನೀರಿನಲ್ಲಿಟ್ಟರೆ ಪಚ್ಚಿಲೆ ಒಳಗಿನ ಕೊಳೆಯನ್ನು ತಾನೇ ಹೊರಹಾಕುತ್ತದೆ. ಅದಕ್ಕೆ ತೊಟ್ಟಿ ಬೇಕು, ನೀರು ತಿರುಗಿಸುತ್ತಿರುವ ಪಂಪ್ ಬೇಕು. ಹೊಸದು ಕೊಳ್ಳಲು ಕಾಸಿಲ್ಲ. ಕೊಟ್ಟಿಗೆಯಲ್ಲಿ ನಿಂತು ಯೋಚಿಸುತ್ತಿದ್ದಾಗ ಮಗಳು ಗೋಣಿಚೀಲ ಎಳೆದಳು. ಕೂಲರ್. ಕೆಳಗೆ ಅರವತ್ತು ಲೀಟರಿನ ಪ್ಲಾಸ್ಟಿಕ್ ತೊಟ್ಟಿ, ಅದರಲ್ಲೇ ನೀರು ಮೇಲೆತ್ತಿ ಸುರಿಸುವ ಪುಟ್ಟ ಪಂಪ್. ಫ್ಯಾನ್ ಕಿತ್ತು, ಹುಲ್ಲಿನ ತಟ್ಟಿ ತೆಗೆದು, ನಡುವೆ ಒಂದು ಜಾಲರಿ ಕೂಡಿಸಿದೆವು. ಒಂದು ಸಲಕ್ಕೆ ಇಪ್ಪತ್ತು ಕಿಲೋ. ಉಪ್ಪುನೀರಿಗೆ ಎರಡು ಪಂಪ್ ಸತ್ತವು, ಮುನ್ನೂರು ರೂಪಾಯಿಗೊಂದರಂತೆ ತಂದು ಹಾಕಿದೆ.

ಮೇ ಮೂರನೇ ವಾರ, ಮಳೆಗೆ ಮುನ್ನ, ಕೊನೆಯ ಹಗ್ಗ ಎತ್ತಿದೆವು. ಒಟ್ಟು 740 ಕಿಲೋ. ಕೈಗೆ ಬಂದದ್ದು 70 ಸಾವಿರದ ಆಸುಪಾಸು, ಗಳ, ಹಗ್ಗ, ಮರಿ, ಕೂಲಿ ಎಲ್ಲ ಸೇರಿ ಹೋದದ್ದು 1 ಲಕ್ಷದ 15 ಸಾವಿರ. ಮನೆ ಬಾಡಿಗೆ, ಊಟ, ಲಾರಿ ಬಾಡಿಗೆ ಇದರಲ್ಲಿಲ್ಲ. ಎರಡನೇ ವರ್ಷ ಗಳವೂ ಹಗ್ಗವೂ ಹಳೆಯವೇ ಆದ್ದರಿಂದ ಕೂಡಿ ಕಳೆದು ಸ್ವಲ್ಪ ಉಳಿಯಿತು. ಇಷ್ಟರಿಂದಲೇ ಸಂಸಾರ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಮನೆ ಈಗಲೂ ಅರ್ಧಕ್ಕಿಂತ ಹೆಚ್ಚು ನಡೆಯುವುದು ಹೆಂಡತಿಯ ಲೆಕ್ಕಪತ್ರದ ಕೆಲಸದಿಂದ. ಮಗಳ ಇನ್‌ಹೇಲರ್ ಮಾತ್ರ ಎಲ್ಲಿದೆಯೆಂದು ಹುಡುಕಬೇಕು. ಅವಳ ಬಾಯಲ್ಲಿ ಕುಂದಾಪುರದ ಕನ್ನಡ ನನಗೆ ಅರ್ಥವಾಗದಷ್ಟು ವೇಗವಾಗಿ ಓಡುತ್ತದೆ. ಅಣ್ಣಯ್ಯನೂ ಅವಳೂ ಸೇರಿ ನನ್ನ ಬಗ್ಗೆ ಏನೋ ಹೇಳಿ ನಗುತ್ತಾರೆ, ಏನೆಂದು ಕೇಳಿದರೆ ಇಬ್ಬರೂ ಹೇಳುವುದಿಲ್ಲ.

ಇದು ಮೂರನೇ ವರ್ಷ. ಈ ಸಲ 300 ಹಗ್ಗ ಕಟ್ಟಬೇಕೆಂದಿದೆ. ಮರಿ ತೆಗೆಯುವವರು ಎರಡು ಸಲ ಫೋನ್ ಮಾಡಿದರು, ಬಂಡೆಗಳ ಮೇಲೆ ಚೆನ್ನಾಗಿ ಕೂತಿದೆಯಂತೆ. ಮೊನ್ನೆ ಬೆಳಗಿನ ಉಬ್ಬರದಲ್ಲಿ ದೋಣಿ ತೆಗೆದುಕೊಂಡು ಕುದ್ರುವಿನವರೆಗೆ ಹೋದೆವು. ಮಗಳು ಕೊಳವೆಯನ್ನು ಸೂರ್ಯನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ 26 ಎಂದಳು. ನಾನು ಬಾಗಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ. ನನಗೆ ಇನ್ನೂ 26ಕ್ಕೂ 28ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಬಾಯಿತುಂಬ ಉಪ್ಪು ಅಷ್ಟೇ. ಅಣ್ಣಯ್ಯನ ಮುಖ ನೋಡಿದೆ. ಅವರು ಘಟ್ಟದ ಕಡೆ ನೋಡುತ್ತಿದ್ದರು, ಅಲ್ಲಿ ಒಂದು ಮೋಡವಿತ್ತು.

ಹಗ್ಗಗಳು ಕೊಟ್ಟಿಗೆಯಲ್ಲೇ ಇವೆ.